ಕೂರಿಸಿ, ನಗಿಸಿ ತೆಗೆದ ಫೋಟೊ

ಬೂದಿಕಟ್ಟೆಹುಂಡಿಯ ಅರಳಿಕಟ್ಟೆಯ ಮುಂದೆ ಜೀಪು ಬಂದು ನಿಲ್ಲುವ ಹೊತ್ತಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಬಂಡೀಪುರದ ಗೇಟು ತೆರೆಯುವುದು ಬೆಳಿಗ್ಗೆ ಆರಕ್ಕೆ. ತೆರೆದ ಕೂಡಲೇ ಕಾಡು ದಾಟಿ ಕೇರಳದ ಶುಂಠಿ ಹೊಲ ಮುಟ್ಟಬೇಕೆಂದರೆ ಹೆಂಗಸರು ಅದಕ್ಕೂ ಮುಂಚೆ ಬುತ್ತಿ ಕಟ್ಟಿಕೊಂಡು ಇಲ್ಲಿ ಬಂದು ನಿಂತಿರಬೇಕು. ಹಂಗಳದಿಂದ ಒಳಗೆ, ಕಾಡಿನ ಅಂಚಿಗೆ ಆತುಕೊಂಡಿರುವ ಈ ಪುಟ್ಟ ಊರಿಗೆ ಈಗ ಬೆಳಗಾಗುವುದೇ ಆ ಜೀಪಿನ ಹಾರನ್ನಿನಿಂದ.

ಜೀಪಿಗೂ ಮುಂಚೆ ಬೀದಿಗೆ ಬಂದವರು ಶಾಂತಮಲ್ಲಮ್ಮ. ವಯಸ್ಸು ನಲವತ್ತಾರು. ತಲೆಗೆ ಹಳೆಯ ಟವೆಲ್ಲು, ಸೊಂಟದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿಟ್ಟ ಮೊಬೈಲು. ಕೈಯಲ್ಲಿ ಸನಿಕೆಯಿಲ್ಲ, ಬುತ್ತಿಯೂ ಇಲ್ಲ. ಅವರು ಜೀಪು ಹತ್ತುವವರಲ್ಲ, ಹತ್ತಲು ಹೊರಟವರನ್ನು ಬಾಗಿಲಲ್ಲೇ ನಿಲ್ಲಿಸಿ ‘ಊರಲ್ಲೇ ಕೆಲಸ ಕೇಳೋಣ ಬನ್ನಿ’ ಎನ್ನುವವರು. ಈ ಹೊತ್ತಿನಲ್ಲಿ ಅವರ ದನಿ ಕೇಳಿದರೆ ಕೆಲವು ಮನೆಗಳಲ್ಲಿ ದೀಪ ಆರುತ್ತದೆ.

ಮೊದಲ ಬಾಗಿಲಲ್ಲಿ ಶಿವರಂಜಿನಿ ನೀರು ಹಾಕುತ್ತಿದ್ದಾರೆ. ಊರಿನಲ್ಲೇ ಎತ್ತರದ ಹೆಂಗಸು, ಎರಡು ಮಕ್ಕಳ ತಾಯಿ. ಶಾಂತಮಲ್ಲಮ್ಮನನ್ನು ಕಂಡವರೇ ಚೆಂಬು ಕೆಳಗಿಡುತ್ತಾರೆ, ಮುಖ ಮಾತ್ರ ಎತ್ತುವುದಿಲ್ಲ. ಇವತ್ತು ಪಂಚಾಯಿತಿಯಲ್ಲಿ ಸಭೆಯಿದೆ, ಬಂದು ಬಾಯಿಬಿಟ್ಟು ಒಂದು ಮಾತು ಕೇಳು ಸಾಕು ಎಂದು ಇವರು ಹೇಳಿದರೆ, ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ: “ಬ್ಯಾಡ ಕಣಕ್ಕ. ಅಲ್ಲಿ ಕೇರಳದಲ್ಲಿ ಬೆನ್ನು ಮುರಿಯ ಗಂಟ ದುಡುದ್ರೂ ಯಾರೂ ಫೋಟೊ ತಗಿಯಲ್ಲ.”

ಎರಡನೆಯ ಮನೆಯವಳು ದನ ಕಟ್ಟುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಾಳೆ. ಮೂರನೆಯ ಮನೆಯಲ್ಲಿ ಅತ್ತೆ ಹೊರಬಂದು, ನಮ್ಮ ಹುಡುಗಿಯ ತಂಟೆಗೆ ಬರಬೇಡಿ ಎಂದು ಮೆತ್ತಗೆ ಹೇಳಿ ಕದ ಹಾಕಿಕೊಳ್ಳುತ್ತಾರೆ. ಬೀದಿಯ ಕೊನೆಯಲ್ಲಿರುವುದು ಮಲ್ಲಾಜಮ್ಮನ ಮನೆ. ಅರವತ್ತು ದಾಟಿದ ವಿಧವೆ, ಒಂಟಿ. ಚಿಲಕ ಹಾಕಿದ ಬಾಗಿಲಿನ ಸಂದಿಯಲ್ಲಿ ಬುಡ್ಡಿದೀಪದ ಬೆಳಕು ಕಾಣುತ್ತದೆ. ಶಾಂತಮಲ್ಲಮ್ಮ ಬಾಗಿಲು ತಟ್ಟುವುದಿಲ್ಲ. “ಅವ್ವ, ಇವತ್ತೂ ಬಂದೀನಿ” ಎಂದಷ್ಟೇ ಹೇಳಿ, ಸ್ವಲ್ಪ ಹೊತ್ತು ನಿಂತು, ತಿರುಗಿ ಹೊರಡುತ್ತಾರೆ. ಒಳಗಿನಿಂದ ಕೆಮ್ಮು ಕೇಳಿಸುತ್ತದೆ.

ಸರ್ಕಾರದ ಕಾಗದದಲ್ಲಿ ಶಾಂತಮಲ್ಲಮ್ಮ ‘ಕಾಯಕ ಬಂಧು’. ಊರಿನ ಬಾಯಲ್ಲಿ ಮೇಟಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಬರುವ ಗುಂಪು ಕಟ್ಟುವುದು, ಅಗೆಯುವ ಗುಂಡಿಯ ಅಳತೆಗೆ ಹಗ್ಗ ಹಿಡಿಯುವುದು, ನೀರು ನೆರಳು ನೋಡುವುದು, ಬಂದವರ ಹಾಜರಿ ಹಾಕುವುದು ಮೇಟಿಯ ಕೆಲಸ. ಊರ ಹಿಂದಿನ ಕಟ್ಟೆಯ ಹೂಳೆತ್ತುವ ಕೆಲಸ ಅರ್ಧಕ್ಕೆ ನಿಂತಿದೆ. ಮತ್ತೆ ಆರಂಭವಾಗಬೇಕಾದರೆ ಊರಿನವರು ಹೋಗಿ ಕೆಲಸ ಬೇಕು ಎಂದು ಕೇಳಬೇಕು. ಕೇಳಿದವರಿಗೆ ಮಾತ್ರ ಕೆಲಸ, ಅದೇ ಕಾನೂನು. ಮಳೆ ಹಿಡಿದು ಕಟ್ಟೆಗೆ ನೀರು ನಿಂತರೆ ಈ ವರ್ಷದ ಮಟ್ಟಿಗೆ ಅದು ಮುಗಿದ ಕತೆ. ಆಕಾಶ ನೋಡಿದರೆ ಹೆಚ್ಚು ದಿನ ಉಳಿದಿಲ್ಲ. ಅದಕ್ಕೇ ಈ ಓಡಾಟ.

ಒಂದು ಕಾಲಕ್ಕೆ ಇದು ತಲೆಕೆಳಗಾಗಿತ್ತು. ಹೆಂಗಸರೇ ಇವರ ಮನೆ ಬಾಗಿಲಿಗೆ ಬಂದು, ಮೇಟಿಯಕ್ಕ, ಯಾವಾಗ ಕೆಲಸ ತೆಗೆಸುತ್ತೀಯ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಈಗ ಇವರೇ ಹೋಗಿ, ದಯವಿಟ್ಟು ಕೇಳಿ ಎಂದು ಕೇಳಬೇಕಾಗಿದೆ. ನಡುವೆ ಆಗಿದ್ದು ಇಷ್ಟೇ: ಒಂದು ಫೋಟೊ.

ಶಾಂತಮಲ್ಲಮ್ಮ ಹುಟ್ಟಿದ್ದು ಸಂತೆಮರಹಳ್ಳಿಯ ಕಡೆ. ತಂದೆ ಸಂತೆಯಲ್ಲಿ ಹಗ್ಗ, ಮೂಗುದಾರ ಮಾರುತ್ತಿದ್ದವರು. ಕೊಟ್ಟದ್ದು ಈ ಊರಿನ ಜಮೀನಿರುವ ಮನೆಗೆ. ಮನೆ ಪಾಲಾದಾಗ ಬೋರ್‌ವೆಲ್ ಇರುವ ಹೊಲ ಭಾವ ಪುಟ್ಟಬಸಪ್ಪನವರ ಕಡೆಗೆ ಹೋಯಿತು, ಇವರಿಗೆ ಬಂದದ್ದು ಕಾಡು ಪಕ್ಕದ ಒಣ ತುಂಡು. ಅಲ್ಲಿ ಏನು ಬಿತ್ತಿದರೂ ಮೊದಲು ಉಣ್ಣುವುದು ಹಂದಿ, ಉಳಿದರೆ ಆನೆ. ಗಂಡ ಶಿವಶಂಕರ ತರಕಾರಿ ಟೆಂಪೊ ಓಡಿಸುತ್ತಿದ್ದರು. ಗುಂಡ್ಲುಪೇಟೆಯ ದಾರಿಯಲ್ಲಿ ಟೆಂಪೊ ಮಗುಚಿ ಸೊಂಟ ಹೋದ ಮೇಲೆ ಜಗುಲಿಯೇ ಅವರ ಲೋಕ. ಎದ್ದು ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು.

ಜಮೀನುದಾರರ ಮನೆಯ ಸೊಸೆ ಮಣ್ಣು ಹೊರಲು ಹೋಗುವುದೆಂದರೆ ಆ ಬೀದಿಯಲ್ಲಿ ಸಣ್ಣ ಮಾತಲ್ಲ. ಮೊದಲ ದಿನ ಅವರು ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು ಹೋಗಿದ್ದರಂತೆ. ಬಾಂಡ್ಲಿ ಎತ್ತಲು ಬಾರದೆ ಮೊದಲ ಸರದಿಗೇ ಮಣ್ಣೆಲ್ಲ ಮೈಮೇಲೆ ಸುರಿದುಕೊಂಡರು. ಆಗ ಪಕ್ಕಕ್ಕೆ ಬಂದವರು ಇದೇ ಮಲ್ಲಾಜಮ್ಮ. ಸೊಂಟಕ್ಕೆ ಭಾರ ಬೀಳದಂತೆ ಮಂಡಿ ಊರಿ ಎತ್ತುವುದನ್ನು ತೋರಿಸಿಕೊಟ್ಟರು. ಆಮೇಲೆ ಇವರ ಸೆರಗು ಹಿಡಿದು ಹಿಂದಕ್ಕೆ ಸರಿಸಿದರು. “‘ಮಣ್ಣ್ಗ ಏನು ನಿನ್ ಮಕ ಗೊತ್ತಾ? ತಗಿ ಸೆರಗ, ಉಸುರು ಕಟ್ತದ’ ಅಂದ್ರು. ಅವತ್ತಿಂದ ನಾನು ಮಕ ಮುಚ್ಕಂಡಿಲ್ಲ” ಎನ್ನುತ್ತಾರೆ ಶಾಂತಮಲ್ಲಮ್ಮ. ಹೆತ್ತ ತಾಯಿಗಿಂತ ಒಂದು ತೂಕ ಹೆಚ್ಚಾಗಿಯೇ ಅವರು ಮಲ್ಲಾಜಮ್ಮನನ್ನು ಹಚ್ಚಿಕೊಂಡಿದ್ದಾರೆ. ಅದನ್ನು ಮುಚ್ಚಿಡುವುದೂ ಇಲ್ಲ.

ಫೋಟೊದ ವಿಷಯಕ್ಕೆ ಬರಬೇಕು. ಕೆಲಸದ ಜಾಗದಲ್ಲಿ ಹಾಜರಿ ಹಾಕುವುದು ಈಗ ಮೊಬೈಲಿನಲ್ಲಿ. ಬೆಳಿಗ್ಗೆ ಒಂದು ಫೋಟೊ, ಮಧ್ಯಾಹ್ನ ಒಂದು ಫೋಟೊ. ಬಂದವರೆಲ್ಲರ ಮುಖವೂ ಅದರಲ್ಲಿ ಕಾಣಬೇಕು. ಮೊದಲ ಸಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದರು. ಶಿವರಂಜಿನಿಯ ಹಿಂದೆ ಇಬ್ಬರು ಮರೆಯಾದರು. ಬಿಸಿಲಿಗೆ ಕಣ್ಣು ಕಿರಿದಾಗಿ ಅರ್ಧ ಜನ ತಲೆ ಬಗ್ಗಿಸಿದ್ದರು, ಉಳಿದವರು ಕ್ಯಾಮೆರಾ ಕಂಡ ಕೂಡಲೇ ನಾಚಿಕೆಯಿಂದ ಸೆರಗು ಎಳೆದುಕೊಂಡಿದ್ದರು. ಮುಖ ಕಾಣುತ್ತಿಲ್ಲವೆಂದು ಆ ದಿನದ ಹಾಜರಿಯೇ ಬೀಳಲಿಲ್ಲ. ಹೊತ್ತು ಮುಳುಗುವವರೆಗೆ ಮಣ್ಣು ಹೊತ್ತವರಿಗೆ ಅವತ್ತು ನೀವು ಬಂದೇ ಇಲ್ಲ ಎಂದ ಹಾಗಾಯಿತು.

ಮಾರನೆಯ ದಿನದಿಂದ ಶಾಂತಮಲ್ಲಮ್ಮ ಎಲ್ಲರನ್ನೂ ಬೇವಿನ ಮರದ ನೆರಳಿನಲ್ಲಿ ಕೂರಿಸಿ ಫೋಟೊ ತೆಗೆಯತೊಡಗಿದರು. ಎರಡು ಸಾಲು. ಕುಳ್ಳಗಿದ್ದವರು ಮುಂದೆ, ಎತ್ತರದವರು ಹಿಂದೆ. ಸನಿಕೆ, ಬಾಂಡ್ಲಿ ಅಡ್ಡ ಬರುತ್ತವೆಂದು ಅತ್ತ ಸರಿಸಿಡುವುದು. ಸೆರಗು ಹಿಂದಕ್ಕೆ. ಆದರೂ ಮುಖ ಎತ್ತಬೇಕಲ್ಲ? ಜನ್ಮದಲ್ಲಿ ಯಾರೆದುರೂ ತಲೆಯೆತ್ತಿ ನೋಡದ ಹೆಂಗಸರನ್ನು ಮೊಬೈಲಿನ ಕಡೆ ನೋಡಿ ಎಂದರೆ ಸುಮ್ಮನೆ ನೋಡುತ್ತಾರೆಯೇ? ಅದಕ್ಕೆ ಅವರು ಕಂಡುಕೊಂಡ ದಾರಿ ನಗಿಸುವುದು. ದಿನಕ್ಕೊಂದು ತಮಾಷೆ. ನಗು ಬಂದರೆ ತಲೆ ತಾನಾಗಿ ಮೇಲೇಳುತ್ತದೆ, ಆ ಕ್ಷಣಕ್ಕೆ ಒತ್ತಿಬಿಡುವುದು.

ಆ ಒಂದು ಫೋಟೊ ತೆಗೆದ ದಿನದ ತಮಾಷೆ ಅವರಿಗೆ ಇನ್ನೂ ನೆನಪಿದೆ. “‘ನಿಮ್ಗೆಲ್ಲ ಮಾದಪ್ಪನ ಬೆಟ್ಟದಲ್ಲಿ ಇನ್ನೊಂದ್ಸತಿ ಮದ್ವ ಮಾಡುಸ್ತೀನಿ, ಗಂಡ್ಗ ತೋರ್ಸಾಕ ಫೋಟೊ ಬೇಕು, ಮಕ ಎತ್ರವ್ವ’ ಅಂದಿ. ಅದ್ಕ ನಮ್ ಮಲ್ಲಾಜಮ್ಮ, ‘ಗಂಡ್ಗ ಬಾಯ್ಲಿ ಹಲ್ಲಿದ್ದದಾ ಕೇಳವ್ವ ಮೊದ್ಲು’ ಅಂದ್ಬುಟ್ರು.” ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ಮಲ್ಲಾಜಮ್ಮ ಮುಂದಿನ ಸಾಲಿನ ನಡುವೆ ಕಾಲು ಚಾಚಿ ಕೂತು, ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಶಾಂತಮಲ್ಲಮ್ಮ ಒತ್ತಿದರು. ಮುಖಗಳೆಲ್ಲ ಚೆನ್ನಾಗಿ ಬಿದ್ದವು. ಮೂರು ಬೀದಿಯ ಹೆಂಗಸರು ಭುಜಕ್ಕೆ ಭುಜ ತಾಗಿಸಿ ಕೂತ ಅಂಥ ಫೋಟೊ ಆ ಊರಿನಲ್ಲಿ ಹಿಂದೆ ಯಾರೂ ತೆಗೆದಿರಲಿಲ್ಲ.

ಕಾಡಂಚಿನಲ್ಲಿ ಸಿಗ್ನಲ್ ಸಿಗುವುದು ಅದೃಷ್ಟ. ಹಾಜರಿ ಹೋಗದೆ ತೆರೆಯ ಮೇಲೆ ಚಕ್ರ ಸುತ್ತುತ್ತಾ ನಿಂತಾಗ ಸಾಕ್ಷಿಗಿರಲಿ ಎಂದು ಅದೇ ಫೋಟೊವನ್ನು ಕೆಲಸದ ವಾಟ್ಸಾಪ್ ಗುಂಪಿಗೂ ಹಾಕುವುದು ಅವರ ರೂಢಿ. ಆ ಗುಂಪಿನಿಂದ ಅದು ಯಾರ ಕೈಗೆ ಹೋಯಿತೋ, ಯಾವ ಪುಣ್ಯಾತ್ಮ ಅದಕ್ಕೊಂದು ಒಕ್ಕಣೆ ಬರೆದನೋ, ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ವಾರ ಕಳೆಯುವುದರೊಳಗೆ ಜಗುಲಿಯ ಮೇಲೆ ಕೂತಿದ್ದ ಗಂಡ ತಮ್ಮ ಮೊಬೈಲನ್ನು ಇವರ ಕೈಗೆ ಕೊಟ್ಟರು. ಫೋಟೊದ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ರೈತನ ಹೊಲಕ್ಕೆ ಆಳಿಲ್ಲ. ಕೂತು ಹಲ್ಲು ಕಿರಿಯುವವರಿಗೆ ಸರ್ಕಾರದ ಕೂಲಿ.’

ಅದನ್ನು ಕುಟುಂಬದ ಗುಂಪಿಗೆ ಹಾಕಿದವರು ಭಾವ ಪುಟ್ಟಬಸಪ್ಪ.

ಪುಟ್ಟಬಸಪ್ಪನವರು ಕೆಡುಕರಲ್ಲ. ತಮ್ಮನ ಆಸ್ಪತ್ರೆಗೆ ಓಡಾಡಿದವರು ಅವರೇ. ಬೋರ್‌ವೆಲ್ ನೀರಿನಲ್ಲಿ ಸಣ್ಣ ಈರುಳ್ಳಿ ಹಾಕಿದ್ದಾರೆ, ಕಳೆ ಕೀಳಲು ಆಳು ಸಿಗದೆ ಈ ವಯಸ್ಸಿನಲ್ಲಿ ತಾವೇ ಪಾತಿಯಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಆಳುಗಳೆಲ್ಲ ಹೆಚ್ಚು ಕೂಲಿಗೆ ಕೇರಳದ ಜೀಪು ಹತ್ತುವುದು ಅವರ ಕಣ್ಣೆದುರಿಗೇ ಇದೆ. ಆದರೆ ಟೀ ಅಂಗಡಿಯಲ್ಲಿ ಕೂತಾಗ ಅವರಿಗೆ ಜೀಪು ಮರೆತುಹೋಗುತ್ತದೆ, ನೆನಪಾಗುವುದು ಪುಕ್ಕಟೆ ಅಕ್ಕಿ ಮಾತ್ರ. ಅಕ್ಕಿ ಫ್ರೀ, ಬಸ್ಸು ಫ್ರೀ, ಮನೆ ಯಜಮಾನಿಗೆ ದುಡ್ಡು ಫ್ರೀ, ಇನ್ನು ಕೈಕೆಸರು ಮಾಡಿಕೊಳ್ಳಲು ಅವರಿಗೇನು ಹುಚ್ಚೇ ಎನ್ನುತ್ತಾರೆ. ಪಂಪ್‌ಸೆಟ್ಟಿನ ಕರೆಂಟಿಗೆ ಅವರೂ ಬಿಲ್ಲು ಕಟ್ಟುವುದಿಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಬೇಕಾದವರಿಗೆ ಆ ಬೆಂಚಿನ ಮೇಲೆ ಜಾಗವಿಲ್ಲ.

ಆ ಮನೆಯಲ್ಲಿ ಸೊಸೆಯಂದಿರು ಭಾವನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ. ಏನಿದ್ದರೂ ಬಾಗಿಲ ಹಿಂದಿನಿಂದ, ಇಲ್ಲವೇ ಓರಗಿತ್ತಿಯ ಮೂಲಕ. ಆ ದಿನ ಶಾಂತಮಲ್ಲಮ್ಮ ನೇರ ಅವರ ಹಜಾರಕ್ಕೆ ಹೋಗಿ ನಿಂತರು. ಅವರನ್ನು ಕೂರಿಸಿದ್ದು ತಾನು, ನಗಿಸಿದ್ದೂ ತಾನು, ಅದು ಹಾಜರಿಯ ಫೋಟೊ, ಆ ದಿನ ಅವರು ಎತ್ತಿದ ಮಣ್ಣು ಕಟ್ಟೆಯ ಏರಿಯ ಮೇಲೆ ಈಗಲೂ ಬಿದ್ದಿದೆ, ಬಂದು ನೋಡಿ ಎಂದರು. ಪುಟ್ಟಬಸಪ್ಪನವರು ಸಿಟ್ಟಾಗಲಿಲ್ಲ. ಬದಲಿಗೆ ಸಮಾಧಾನ ಹೇಳಿದರು. “ನಿನ್ ಮಕ ಅದ್ರಲ್ಲಿ ಇಲ್ವಲ್ಲವ್ವ. ನಮ್ಮನೆ ಮಾನಕ್ಕ ಏನೂ ಆಗಿಲ್ಲ ಬುಡು.”

ಆ ಮಾತು ಇವತ್ತಿಗೂ ಅವರನ್ನು ಕೊರೆಯುತ್ತದೆ. ಫೋಟೊ ತೆಗೆದವರು ಅದರಲ್ಲಿ ಇರುವುದಿಲ್ಲ. ಊರವರೆಲ್ಲ ಮರ್ಯಾದೆ ಕಳೆದುಕೊಂಡಾಗ ಇವರ ಮರ್ಯಾದೆ ಮಾತ್ರ ಹಾಗೇ ಉಳಿದುಬಿಟ್ಟಿತು, ಅದೂ ಅವರ ಮುಖಗಳು ಚೆನ್ನಾಗಿ ಬೀಳಲಿ ಎಂದು ಇವರೇ ಪಟ್ಟ ಪಾಡಿನಿಂದ. “ಮಕ ಕಂಡ್ರ ಕೆಲ್ಸ ಕಾಣಲ್ಲ, ಕೆಲ್ಸ ಕಂಡ್ರ ಮಕ ಕಾಣಲ್ಲ. ಬಗ್ಗಿ ಅಗೀವಾಗ ತಗುದ್ರ ಬರಿ ಬೆನ್ನು. ಅವ್ರ್ಗ ಬೆನ್ನು ಬ್ಯಾಡ, ಮಕ ಬೇಕು. ನಾನೇನ್ ಮಾಡ್ಲಿ?” ಎಂದು ಅವರು ಕೇಳುತ್ತಾರೆ.

ಫೋಟೊ ಹಿಡಿದುಕೊಂಡು ಮೇಲಿನ ಕಚೇರಿಗೆ ದೂರು ಹೋಯಿತು. ವಿಚಾರಣೆಗೆ ಜನ ಬಂದರು, ಟೇಪು ಹಿಡಿದು ಕಟ್ಟೆಯನ್ನು ಅಳೆದರು. ಈ ಕೆಲಸದಲ್ಲಿ ಕೂಲಿ ಬೀಳುವುದೇ ಅಗೆದ ಅಳತೆಯ ಮೇಲೆ. ಕೂತವರಿಗೆ ಕೂಲಿ ಹುಟ್ಟುವುದಿಲ್ಲ ಎಂಬುದು ಟೇಪು ಹಿಡಿದವರಿಗೆ ಗೊತ್ತಿತ್ತು. ಅಳತೆ ಸರಿಯಾಗಿಯೇ ಇತ್ತು, ಸ್ವಲ್ಪ ಹೆಚ್ಚೇ ಇತ್ತು. ಬಂದವರು ಟೀ ಕುಡಿದು, ತಪ್ಪೇನೂ ಇಲ್ಲ ಎಂದು ಬರೆದುಕೊಂಡು ಹೋದರು. ಆ ಸುದ್ದಿಯನ್ನು ಯಾರೂ ಯಾರಿಗೂ ಫಾರ್ವರ್ಡ್ ಮಾಡಲಿಲ್ಲ. ವಿಚಾರಣೆ ಮುಗಿಯುವವರೆಗೆ ಎಂದು ನಿಲ್ಲಿಸಿದ ಕೆಲಸ ಮಾತ್ರ ನಿಂತೇ ಉಳಿಯಿತು.

ಈಚೆಗೆ ಅವರು ಚಾಮರಾಜನಗರದ ದೊಡ್ಡ ಕಚೇರಿಗೂ ಹೋಗಿ ಬಂದರು. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗ, ಮುಂದಿನ ಸೀಟಿನಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ನೌಕರರೊಬ್ಬರು ಪಕ್ಕದವರಿಗೆ ಮೊಬೈಲು ತೋರಿಸುತ್ತಿದ್ದರು. ಬೇವಿನ ಮರ, ಎರಡು ಸಾಲು, ನಡುವೆ ಕಾಲು ಚಾಚಿದ ಮಲ್ಲಾಜಮ್ಮ. ನಾವು ತೆರಿಗೆ ಕಟ್ಟುವುದು ಇವರು ಹೀಗೆ ಕೂರಲಿ ಎಂದು, ಬಡತನ ಎಲ್ಲಿದೆ ಸ್ವಾಮಿ ಈಗ, ಎಲ್ಲರ ಕೈಯಲ್ಲೂ ಮೊಬೈಲಿದೆ ಎಂದು ಅವರ ಮಾತು ಸಾಗಿತ್ತು. ಒಮ್ಮೆ ಹಿಂದಕ್ಕೆ ತಿರುಗಿ ಇವರಿಗೂ ತೋರಿಸಿ, ನೀವೇ ಹೇಳಿ ಅಮ್ಮಾ, ಇದು ನ್ಯಾಯವೇ ಎಂದರು. ದನಿಯಲ್ಲಿ ಮರ್ಯಾದೆಯೇ ಇತ್ತು.

ಶಾಂತಮಲ್ಲಮ್ಮನ ಬಾಯಿಗೆ ಬಂದದ್ದು ಒಂದೇ ಮಾತು: “ಚೆನ್ನಾಗಿ ನಗ್ತಾವ್ರ, ಅಲ್ವಾ ಸಾ.” ಅವರು ಅದನ್ನು ವ್ಯಂಗ್ಯವೆಂದುಕೊಂಡು ಮೆಚ್ಚಿ ನಕ್ಕರು. ತೆಗೆದವಳು ನಾನು ಎಂದು ಆಗಲೇ ಹೇಳಬೇಕಿತ್ತು ಎಂದು ಇವರು ಈಗ ಪರಿತಪಿಸುತ್ತಾರೆ. ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ, ಏನೂ ಆಗುತ್ತಿರಲಿಲ್ಲ ಎಂದೂ ಅವರೇ ಹೇಳುತ್ತಾರೆ.

ಕಚೇರಿಯಲ್ಲಿ ಅಧಿಕಾರಿ ಕುರ್ಚಿ ಕೊಟ್ಟು ಮಾತಾಡಿಸಿದರು. ಕೆಲಸ ಮುಚ್ಚಿಲ್ಲ, ಅನುದಾನವೂ ಇದೆ, ನಿಮ್ಮ ಊರಿನಿಂದ ಬೇಡಿಕೆಯೇ ಬಂದಿಲ್ಲವಲ್ಲಮ್ಮ, ಬೇಡಿಕೆ ಬಂದರೆ ನಾಳೆಯೇ ಕೊಡುತ್ತೇವೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಶಾಂತಮಲ್ಲಮ್ಮನಿಗೆ ಅಳು ಬಂದದ್ದು ಅದಕ್ಕೇ. ಗದರಿಸಿ ಕಳಿಸಿದ್ದರೆ ಬೈದುಕೊಂಡಾದರೂ ಬರಬಹುದಿತ್ತು. “ಕೇಳ್ದೆ ಇದ್ರ ಕೊಡಲ್ಲ. ಕೇಳುದ್ರ ಸೋಮಾರಿ ಅಂತರ. ಇದ್ರ ಮಧ್ಯ ನಮ್ ಎಂಗುಸ್ರು ಎಲ್ಲಿ ನಿಂತ್ಕಬೇಕು, ನೀವೇ ಹೇಳಿ.”

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಮಲ್ಲಾಜಮ್ಮ. ಒಬ್ಬಳೇ ಮಗಳು ನಾಗಲಕ್ಷ್ಮಿಯನ್ನು ಉಡಿಗಾಲಕ್ಕೆ ಕೊಟ್ಟಿದ್ದಾರೆ. ಮೊಮ್ಮಗುವಿನ ನಾಮಕರಣಕ್ಕೆಂದು ಹೊಸ ಸೀರೆ ಉಟ್ಟು, ಕೊಬ್ಬರಿ ಸಕ್ಕರೆ ಕಟ್ಟಿಕೊಂಡು ಹೋಗಿದ್ದರು. ಅಷ್ಟರಲ್ಲಿ ಫೋಟೊ ಅಲ್ಲಿಗೂ ತಲುಪಿತ್ತು. ಚಪ್ಪರದ ತುಂಬ ಜನ. ಬೀಗರ ಕಡೆಯವರೊಬ್ಬರು ಎಲ್ಲರಿಗೂ ಕೇಳುವ ಹಾಗೆ, “ಬನ್ನಿ ಬೀಗ್ತಿ, ಕುಂತ್ಕಳಿ. ನಿಮ್ಗ ಕುಂತ್ಕಳದೇ ಅಲ್ವಾ ಕೆಲ್ಸ” ಎಂದರಂತೆ. ಜನ ನಕ್ಕರು. ಮಗಳು ತಲೆ ತಗ್ಗಿಸಿದಳು. ಮಲ್ಲಾಜಮ್ಮ ತೊಟ್ಟಿಲು ಕಟ್ಟಿ, ಹೆಸರು ಕೂಗಿ, ಬಂದವರೆಲ್ಲ ಉಂಡು ಏಳುವವರೆಗೆ ಚಪ್ಪರದ ಕಂಬ ಹಿಡಿದು ನಿಂತೇ ಇದ್ದರು. ಎಲೆಯ ಮುಂದೆ ಕೂರಬೇಕಾಗುತ್ತದೆಂದು ಊಟವನ್ನೂ ಮಾಡದೆ ಬಂದುಬಿಟ್ಟರು.

ಅಂದಿನಿಂದ ಅವರು ಯಾರ ಎದುರಿಗೂ ಕೂರುವುದಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಲ್ಲುತ್ತಾರೆ. ರೇಷನ್ ಅಂಗಡಿಗೆ ಸಾಲು ಕರಗಿದ ಮೇಲೆ, ಬಾಗಿಲು ಮುಚ್ಚುವ ಹೊತ್ತಿಗೆ ಹೋಗುತ್ತಾರೆ. ಒಂದೊಂದು ತಿಂಗಳು ಹೋಗುವುದೂ ಇಲ್ಲ. ಜೀಪಿನವರನ್ನು ಒಮ್ಮೆ ಕೇಳಿದರು, ಶುಂಠಿ ಹೊಲಕ್ಕೆ ಮುದುಕರು ಬೇಡವೆಂದರು. ಊರಿನಲ್ಲೇ, ಇದ್ದಷ್ಟು ಶಕ್ತಿಗೆ ಕೆಲಸ ಸಿಗುತ್ತಿದ್ದುದು ಕಟ್ಟೆಯೊಂದರಲ್ಲೇ. ಆ ಕಟ್ಟೆ ಮತ್ತೆ ತೆರೆಯದಿದ್ದರೆ ಮಲ್ಲಾಜಮ್ಮ ಏನು ಉಣ್ಣಬೇಕು ಎಂಬುದು ಶಾಂತಮಲ್ಲಮ್ಮನನ್ನು ನಸುಕಿನಲ್ಲಿ ಎಬ್ಬಿಸುವ ಪ್ರಶ್ನೆ.

ಹನ್ನೊಂದರ ಹೊತ್ತಿಗೆ ಪಂಚಾಯಿತಿಯ ಸಭೆ ಸೇರುತ್ತದೆ. ಬಂದವರಲ್ಲಿ ಹೆಚ್ಚಿನವರು ಗಂಡಸರು. ಹೆಂಗಸರಲ್ಲಿ ಅರ್ಧ ಜನ ಆ ಹೊತ್ತಿಗೆ ಕಾಡಿನಾಚೆ ಶುಂಠಿ ಪಾತಿಯಲ್ಲಿದ್ದಾರೆ, ಉಳಿದವರು ಮನೆಯ ಕದದ ಹಿಂದೆ. ವಿಷಯಗಳನ್ನು ಓದುತ್ತಾ ಬಂದ ಸಿಬ್ಬಂದಿ ಉದ್ಯೋಗ ಖಾತ್ರಿಯ ಸಾಲಿಗೆ ಬಂದಾಗ, ಬೂದಿಕಟ್ಟೆಹುಂಡಿಯಿಂದ ಕೆಲಸ ಬೇಕೆಂದು ಯಾರೂ ಕೇಳಿಲ್ಲ ಎಂದು ಓದಿ ಪುಟ ಮಗುಚುತ್ತಾರೆ. ಅಷ್ಟಕ್ಕೇ ಪುಟ್ಟಬಸಪ್ಪನವರು ಎದ್ದು ನಿಲ್ಲುತ್ತಾರೆ. ತಮ್ಮ ಊರಿನಲ್ಲಿ ಈಗ ಕೈಚಾಚುವವರು ಯಾರೂ ಇಲ್ಲ, ಇದು ಸ್ವಾಭಿಮಾನದ ಊರು ಎಂದು ಮನಸಾರೆ ಹೇಳುತ್ತಾರೆ. ಅವರಿಗೆ ಅದರಲ್ಲಿ ನಿಜವಾಗಿಯೂ ಸಂತೋಷವಿದೆ. ಸಭೆ ಚಪ್ಪಾಳೆ ತಟ್ಟುತ್ತದೆ.

ಚಪ್ಪಾಳೆ ನಿಲ್ಲುವುದನ್ನು ಕಾದು ಹಿಂದಿನ ಸಾಲಿನಿಂದ ಶಾಂತಮಲ್ಲಮ್ಮ ಏಳುತ್ತಾರೆ. “ನನ್ಗ ಕೆಲ್ಸ ಬೇಕು” ಎನ್ನುತ್ತಾರೆ. ಭಾವನ ಎದುರಿಗೆ, ಬೀದಿಯವರೆಲ್ಲರ ಎದುರಿಗೆ. ಪುಟ್ಟಬಸಪ್ಪನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡುತ್ತಾರೆ. ಸಿಬ್ಬಂದಿ ಒರಟರಲ್ಲ, ಬರೆದುಕೊಳ್ಳುತ್ತಾರೆ. ಆದರೆ ಒಬ್ಬರಿಗಾಗಿ ಕಟ್ಟೆಯ ಕೆಲಸ ತೆರೆಯಲಾಗುವುದಿಲ್ಲ, ಇನ್ನಷ್ಟು ಜನರನ್ನು ಕರೆತನ್ನಿ ಎನ್ನುತ್ತಾರೆ. ಹಾಗೆಂದವರು ಬಾಗಿಲ ಕಡೆ ತಿರುಗಿ ನೋಡುತ್ತಾರೆ. ಬಾಗಿಲಲ್ಲಿ ಯಾರೂ ಇಲ್ಲ. ಮುಂದಿನ ವಿಷಯ ಬೀದಿದೀಪದ್ದು.

ಮಧ್ಯಾಹ್ನ ಮೂರರ ಸುಮಾರಿಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಕಟ್ಟಿಕೊಂಡು ಬಂದು ಮಳೆ ಹಿಡಿಯುತ್ತದೆ. ಹೊಲದವರಿಗೆ ಅದು ಹಬ್ಬ. ಊರವರು ಸೂರಿನ ಕೆಳಗೆ ನಿಂತು, ಒಳ್ಳೇ ಮಳೆ, ಒಳ್ಳೇ ಮಳೆ ಎನ್ನುತ್ತಿದ್ದಾರೆ. ಶಾಂತಮಲ್ಲಮ್ಮ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಕಟ್ಟೆಯ ಏರಿಗೆ ಹೋಗುತ್ತಾರೆ. ಅರ್ಧ ಎತ್ತಿದ ಹೂಳಿನ ಕಡೆ ನೀರು ಆಗಲೇ ಇಳಿದು ನಿಲ್ಲುತ್ತಿದೆ. ಹೆಂಗಸರು ಜೋಡಿ ಜೋಡಿಯಾಗಿ ಅಗೆದ ಗುಂಡಿಗಳು ಒಂದೊಂದಾಗಿ ತುಂಬುತ್ತವೆ, ನೋಡುತ್ತಾ ನಿಂತರೆ ಯಾವುದು ಯಾರದು ಎಂಬ ಗುರುತೂ ಉಳಿಯುವುದಿಲ್ಲ. ಅವರು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು ಮನೆಗೆ ಬರುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಮಲ್ಲಾಜಮ್ಮ. ಎಷ್ಟೋ ದಿನದಿಂದ ಈ ಕಡೆ ತಲೆ ಹಾಕದವರು ತಾವಾಗಿ ಬಂದಿದ್ದಾರೆ. ಶಾಂತಮಲ್ಲಮ್ಮ ಹಾರಿ ಎದ್ದು ಚಾಪೆ ಹಾಸುತ್ತಾರೆ. ಸಭೆಯ ಸುದ್ದಿ ಕೇಳಿ ಬಂದರೇನೋ, ಕೆಲಸ ಕೇಳಲು ಬಂದರೇನೋ ಎಂಬ ಆಸೆ ಆ ಮುಖದಲ್ಲಿ ಯಾರಿಗಾದರೂ ಕಾಣುವಂತಿದೆ. ಮಳೆ ಬಿದ್ದಾಗಿದೆ, ಆದರೂ ಆಸೆ. ಬೇರೆ ಕಡೆ ಬದುವಿನ ಕೆಲಸವಾದರೂ ಕೇಳಬಹುದಲ್ಲ? ಮಲ್ಲಾಜಮ್ಮ ಚಾಪೆಯ ಕಡೆ ನೋಡುವುದಿಲ್ಲ. ಬಾಗಿಲುವಾಡ ಹಿಡಿದುಕೊಂಡು ನಿಂತೇ ಹೇಳುತ್ತಾರೆ:

“ನನ್ ಎಸ್ರ ತಗ್ದುಬುಡು ಶಾಂತಿ. ಕೆಲ್ಸದ ಕಾರ್ಡಲ್ಲೇ ಇರಬಾರ್ದು. ಉಡಿಗಾಲದವ್ರು ಏನಾರ ಅಂದ್ರ, ನಮ್ಮವ್ವ ಅಂತಾದಕ್ಕೆಲ್ಲ ಓಗದೇ ಇಲ್ಲ ಅಂತ ನನ್ ಮಗ್ಳು ಏಳ್ಬೇಕು.”

ಹೊಟ್ಟೆಗೆ ಏನು ಮಾಡುತ್ತೀಯವ್ವ ಎಂದು ಇವರು ಕೇಳುತ್ತಾರೆ. ಎಂಗೋ ಆಯ್ತದ ಬುಡು ಎಂದು ಅವರು ಹೇಳುತ್ತಾರೆ. ಜಗುಲಿಯಲ್ಲಿ ಶಿವಶಂಕರ ಮುಖ ಆಚೆ ತಿರುಗಿಸುತ್ತಾರೆ. ಶಾಂತಮಲ್ಲಮ್ಮ ಮೊಬೈಲನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಏನೋ ಒತ್ತಿದಂತೆ ಮಾಡಿ, ಆಯಿತು ಕಣವ್ವ ಎನ್ನುತ್ತಾರೆ. ಮುದುಕಿ ತಲೆಯಾಡಿಸಿ, ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು ಮಳೆಯ ಬೀದಿಗೆ ಇಳಿಯುತ್ತಾರೆ.

ನಿಜವಾಗಿ ಹೆಸರು ತೆಗೆದಿರಾ ಎಂದು ಕೇಳಿದರೆ ಶಾಂತಮಲ್ಲಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ. ಹಾಗೆ ತೆಗೆಯುವುದು ತಮಗೆ ಬರುವುದೂ ಇಲ್ಲ, ಬಂದರೂ ತೆಗೆಯುವುದಿಲ್ಲ ಎನ್ನುತ್ತಾರೆ. ಚಾಪೆ ಇನ್ನೂ ಹಾಸಿದಲ್ಲೇ ಇದೆ. ಅದನ್ನು ಸುತ್ತಿಡಲು ಬಗ್ಗಿದವರು ಅರ್ಧಕ್ಕೇ ಬಿಟ್ಟು, ಮೊಬೈಲಿನಲ್ಲಿ ಆ ಫೋಟೊ ತೆರೆದು ನೋಡುತ್ತಾರೆ.

“ಇನ್ಯಾವತ್ತಾರ ಕೆಲ್ಸ ತಗುದ್ರ, ಫೋನ ಯಾರ್ಗಾರ ಕೊಟ್ಬುಟ್ಟು ನಾನೂ ಅವ್ರ ಪಕ್ದಲ್ಲಿ ಕುಂತ್ಕತೀನಿ. ಕಾಲ ನೀಡ್ಕಂಡು.”